ಹರಟೆ ನಮ್ಮದು, ಕಟ್ಟೆ ಯಾರದು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತನಾಡಲು ಅವಕಾಶ ಕೊಟ್ಟಿದ್ದೀರಿ.  ಇಂಥ ಸಭೆಗಳಲ್ಲಿ ಮಾತಾಡೋರು ಸಾಮಾನ್ಯವಾಗಿ ಹಾಲಿನ ಗುಣಮಟ್ಟ, ಮಿಶ್ರತಳಿ ಹಸು, ಮೇವಿನ ಬೆಳೆ ಅಂತ ವಿಷಯ ತಗೋತಾರೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಕೂತಿದ್ದಾರೆ. ಆದ್ದರಿಂದ ನಾವು ಬೇರೆ ವಿಷಯ ಎತ್ತಿಕೊಂಡಿದ್ದೇವೆ. ಹಾಲು ಹಾಕಿ ಮನೆಗೆ ಹೋಗುವ ದಾರಿಯಲ್ಲೇ ಜೇಬಿನಿಂದ ತೆಗೆದು ನೋಡ್ತೀವಲ್ಲ, ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ, ಇವುಗಳ ಒಡೆಯರು ಯಾರು, ಆ ಒಡೆತನ ಕೈಯಿಂದ ಕೈಗೆ ಹೇಗೆ ಹೋಯಿತು, ಅದರಿಂದ ನಮಗೇನು ಎಂಬುದೇ ಆ ವಿಷಯ.

ಇದಕ್ಕೂ ಸಂಘಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ಕಳೆದ ಸಲದ ಸರ್ವಸದಸ್ಯರ ಸಭೆಯ ತಿಳುವಳಿಕೆಯನ್ನು ಆಡಳಿತ ಮಂಡಳಿಯವರಾದ ನಾವು ವಾಟ್ಸಾಪ್ ಗುಂಪಿನಲ್ಲಿ ಹಾಕಿ ಕೈತೊಳೆದುಕೊಂಡೆವು. ಫಲಕಕ್ಕೆ ಅಂಟಿಸಲಿಲ್ಲ, ಮನೆಮನೆಗೆ ಚೀಟಿ ಕಳಿಸಲಿಲ್ಲ. ಸಭೆಯ ದಿನ ನೋಡಿದರೆ, ಅಂಥ ಫೋನಿಲ್ಲದ ಸದಸ್ಯರು ಒಬ್ಬರೂ ಬಂದಿರಲಿಲ್ಲ. ಅವರಲ್ಲಿ ಹೆಚ್ಚಿನವರು ಒಂದೇ ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ಹೆಣ್ಣುಮಕ್ಕಳು. ಮಾರನೇ ದಿನ ಹಾಲು ಹಾಕಲು ಬಂದ ಒಬ್ಬ ಅಜ್ಜಿ, "ನಾನೂ ಷೇರು ಕಟ್ಟಿದೀನಲ್ಲಪ್ಪಾ, ನನ್ನ ಯಾಕೆ ಕರೀಲಿಲ್ಲ?" ಅಂದರು. ನಮಗೆ ಉತ್ತರ ಹೊಳೆಯಲಿಲ್ಲ. ತಪ್ಪು ವಾಟ್ಸಾಪಿನದಲ್ಲ, ನಮ್ಮದೇ. ಆದರೆ ಆ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಸಂಘದಲ್ಲಿ ಆ ಅಜ್ಜಿಗೆ ಷೇರಿದೆ, ಮತವಿದೆ, ಎದ್ದು ನಿಂತು ಕೇಳುವ ಹಕ್ಕಿದೆ. ಸಂಘದ ಮಾತುಕತೆಯನ್ನೆಲ್ಲ ನಾವು ಹೊತ್ತುಕೊಂಡು ಹೋಗಿ ಇಟ್ಟ ಜಾಗದಲ್ಲಿ ಅವರಿಗೇನಿದೆ? ನಮಗೇ ಏನಿದೆ?

ಒಡೆತನ ಅಂದರೆ ಏನು ಎಂದು ಸಹಕಾರಿಗಳಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ 28 ಮಂದಿ ತಮ್ಮದೇ ಒಂದು ಸಣ್ಣ ಅಂಗಡಿ ತೆರೆದರು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ತತ್ವ ಲೋಕಪ್ರಸಿದ್ಧವಾದದ್ದು ಅವರಿಂದ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದಾರಿ ತೋರಿಸಿದರು. ಆ ದಾರಿಯಲ್ಲೇ ನಾವೂ ಬಂದವರು. ಹತ್ತು ಹಸು ಇರಲಿ, ಒಂದೇ ಇರಲಿ, ನಮ್ಮಲ್ಲಿ ಮತ ಒಂದೇ. ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಲೇಬೇಕು. ಅಧ್ಯಕ್ಷರು ಸರಿಯಿಲ್ಲ ಅಂದರೆ ಮುಂದಿನ ಚುನಾವಣೆಯಲ್ಲಿ ಇಳಿಸಬಹುದು.

ಈಗ ಜಾಲತಾಣಗಳ ಕಡೆ ನೋಡಿ. ಹೆಸರಿಗೆ ಅವು "ಸಾಮಾಜಿಕ" ಜಾಲತಾಣ. ಊರಿನ ಅರಳಿಕಟ್ಟೆಯ ಹಾಗೆ ಕಾಣುತ್ತವೆ. ಆದರೆ ಅರಳಿಕಟ್ಟೆ ಊರಿನದು. ಇವು ಸಾಹುಕಾರರ ಮನೆ ಜಗಲಿ ಇದ್ದ ಹಾಗೆ. ಸಾಹುಕಾರರು ಒಳ್ಳೆಯವರೇ ಇರಬಹುದು. ಕೂರಿಸ್ತಾರೆ, ಮಜ್ಜಿಗೆ ಕೊಡ್ತಾರೆ, ಕಾಸು ಕೇಳಲ್ಲ. ಯಾರು ಯಾರ ಜೊತೆ ಕೂತರು, ಎಷ್ಟು ಹೊತ್ತು ಕೂತರು ಅಂತ ಗುರುತು ಹಾಕಿಕೊಳ್ತಾರೆ. ಗೋಡೆಯ ಮೇಲೆ ಅಂಗಡಿಯವರ ಬೋರ್ಡು ನೇತುಹಾಕಿಸಿ ಬಾಡಿಗೆ ತಗೋತಾರೆ. ಒಂದು ದಿನ ಮನೆ ಮಾರಿದರೆ ನಮ್ಮನ್ನು ಕೇಳಿ ಮಾರುವುದಿಲ್ಲ. ಇದು ಬರೀ ಉಪಮೆ ಅಲ್ಲ, ನಡೆದ ಸಂಗತಿಗಳನ್ನೇ ಹೇಳ್ತೀವಿ ಕೇಳಿ.

ಬೆಂಗಳೂರಿಗೆ ಓದಲು ಹೋಗಿದ್ದ ನಮ್ಮೂರ ಹುಡುಗರಿಗೆ ಆರ್ಕುಟ್ ನೆನಪಿರಬಹುದು. 2004ರ ಜನವರಿಯಲ್ಲಿ ಗೂಗಲ್ ಕಂಪನಿ ಅದನ್ನು ಶುರು ಮಾಡಿತು. ಕಟ್ಟಿದ ಎಂಜಿನಿಯರರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಬ್ರೆಜಿಲ್ ಮತ್ತು ನಮ್ಮ ದೇಶದಲ್ಲಿ ಅದಕ್ಕೆ ಬಹಳ ಜನ. ಹತ್ತು ವರ್ಷ ಆದ ಮೇಲೆ, 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು. ಫೋಟೋ, ಬರಹ ಬೇಕಾದವರು ತಗೊಂಡು ಹೋಗಿ ಅಂತ ಎರಡು ವರ್ಷ ಗಡುವು ಕೊಟ್ಟಿತ್ತು, ಅಷ್ಟು ಮರ್ಯಾದೆ ಇತ್ತು. ಗಡುವಿನ ಸುದ್ದಿ ತಿಳಿಯದವರ ಗಂಟು ಹೋಯಿತು.

ಅದಕ್ಕಿಂತ ಮುಂಚೆ ಅಮೆರಿಕದಲ್ಲಿ ಮೈಸ್ಪೇಸ್ ಎಂಬುದೊಂದು ಮೆರೆದಿತ್ತು. ಪತ್ರಿಕೆ, ಟಿ.ವಿ.ಗಳ ದೊಡ್ಡ ಧಣಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪ್ ಕಂಪನಿ 2005ರಲ್ಲಿ ಅದನ್ನು 58 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜನ ಫೇಸ್‌ಬುಕ್ಕಿಗೆ ಎದ್ದು ಹೋದರು. 2011ರಲ್ಲಿ ಅದೇ ಮೈಸ್ಪೇಸ್ ಸುಮಾರು ಮೂರೂವರೆ ಕೋಟಿ ಡಾಲರಿಗೆ ಮಾರಾಟವಾಯಿತು. ಕೊನೆಗೆ 2019ರಲ್ಲಿ ಬಂದ ಸುದ್ದಿ ಏನೆಂದರೆ, ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ 2016ಕ್ಕಿಂತ ಮುಂಚೆ ಜನ ಹಾಕಿದ್ದ ಹಾಡು, ಚಿತ್ರಗಳೆಲ್ಲ ಕಳೆದುಹೋಗಿವೆ ಎಂಬುದು. ಎಷ್ಟೋ ಹುಡುಗರು ಹಾಡಿದ ಮೊದಲ ಹಾಡು ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಇನ್ನು ನಮ್ಮೆಲ್ಲರ ಜೇಬಿನ ವಾಟ್ಸಾಪ್. 2009ರಲ್ಲಿ ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಎಂಬ ಇಬ್ಬರು ಇದನ್ನು ಕಟ್ಟಿದರು. ಕೂಮ್ ಅವರು ಉಕ್ರೇನಿನಿಂದ ತಾಯಿಯ ಜೊತೆ ಅಮೆರಿಕಕ್ಕೆ ಬಂದು, ಸರ್ಕಾರದ ಆಹಾರ ಚೀಟಿಯ ಮೇಲೆ ಬದುಕಿದ ಹುಡುಗ. ಕಷ್ಟ ಬಲ್ಲವರು. "ನಾವು ಜಾಹೀರಾತು ಹಾಕುವುದಿಲ್ಲ" ಎಂದು 2012ರಲ್ಲಿ ಬರೆದು ಸಾರಿದ್ದರು. ವರ್ಷಕ್ಕೆ ಒಂದು ಡಾಲರ್ ಚಂದಾ ಅಷ್ಟೇ ಎಂಬುದು ಅವರ ಲೆಕ್ಕ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಕಂಪನಿ ಅದನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗ ವಾಟ್ಸಾಪಿನಲ್ಲಿ ಕೆಲಸ ಮಾಡ್ತಿದ್ದವರು ಎಷ್ಟು ಮಂದಿ ಗೊತ್ತೆ? ಸುಮಾರು 55. ಬಳಸ್ತಿದ್ದವರು ಸುಮಾರು 45 ಕೋಟಿ. ಐವತ್ತೈದು ಜನರಿದ್ದ ಕಚೇರಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ? ಬೆಲೆ ಬಂದದ್ದು ಮೇಜು ಕುರ್ಚಿಗಲ್ಲ, ಆ 45 ಕೋಟಿ ಜನರಿಗೆ. ಆದರೆ ಆ ಹಣದಲ್ಲಿ ಆ 45 ಕೋಟಿ ಜನರಿಗೆ ಒಂದು ಕಾಸೂ ಬರಲಿಲ್ಲ, ಅವರನ್ನು ಒಂದು ಮಾತೂ ಕೇಳಲಿಲ್ಲ. ನಮ್ಮ ಸಂಘದಲ್ಲಿ ಹಳೆಯ ಕ್ಯಾನು ಮಾರಬೇಕಾದರೂ ನಡಾವಳಿ ಪುಸ್ತಕದಲ್ಲಿ ಠರಾವು ಬರೀಬೇಕು!

ಕೊಂಡ ಮೇಲೆ ಏನಾಯಿತು? 2016ರ ಆಗಸ್ಟಿನಲ್ಲಿ ವಾಟ್ಸಾಪಿನ ಷರತ್ತು ಬದಲಾಯಿತು. ನಮ್ಮ ಫೋನ್ ನಂಬರು ಮೊದಲಾದ ಮಾಹಿತಿಯನ್ನು ಫೇಸ್‌ಬುಕ್ಕಿನ ಜೊತೆ ಹಂಚಿಕೊಳ್ಳಲು ದಾರಿಯಾಯಿತು. ಈ ಎರಡೂ ಖಾತೆಗಳನ್ನು ಜೋಡಿಸುವ ವಿಷಯದಲ್ಲಿ ಕೊಳ್ಳುವಾಗ ತಪ್ಪು ಮಾಹಿತಿ ಕೊಟ್ಟಿರಿ ಎಂದು ಯುರೋಪಿನ ಆಯೋಗ 2017ರಲ್ಲಿ ಕಂಪನಿಗೆ 11 ಕೋಟಿ ಯೂರೋ ದಂಡ ಹಾಕಿತು. ಆಕ್ಟನ್ 2017ರಲ್ಲಿ, ಕೂಮ್ 2018ರಲ್ಲಿ ಕಂಪನಿ ಬಿಟ್ಟರು. 2021ರಲ್ಲಿ ಮತ್ತೆ ಷರತ್ತು ಬದಲಾಯಿತು. ಒಪ್ಪಿದರೆ ಇರಿ, ಇಲ್ಲದಿದ್ದರೆ ಬಿಡಿ ಎಂಬ ಈ ರೀತಿ ಸರಿಯಲ್ಲ ಎಂದು ನಮ್ಮ ದೇಶದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ 213 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿಗೆ ಹೋಯಿತು. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರಿನಲ್ಲಿ ದಂಡವನ್ನು ಎತ್ತಿಹಿಡಿಯಿತು. ಈ ನಡುವೆ, 2025ರ ಜೂನಿನಲ್ಲಿ, ವಾಟ್ಸಾಪಿನ ಸ್ಟೇಟಸ್ ಇರುವ ಭಾಗದಲ್ಲಿ ಜಾಹೀರಾತು ಹಾಕುತ್ತೇವೆಂದು ಕಂಪನಿ ಸಾರಿತು. ಕಟ್ಟಿದವರು ಆಡಿದ ಮಾತು ಕೊಂಡವರ ಕಾಲಕ್ಕೆ ಉಳಿಯಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ನಾವು ಒಬ್ಬರಿಗೊಬ್ಬರು ಕಳಿಸುವ ಸಂದೇಶದ ಒಳಗಿನ ಸಂಗತಿಗೆ 2016ರಿಂದ ಬೀಗಮುದ್ರೆ ಇದೆ, ಅದನ್ನು ಕಂಪನಿಯವರೂ ಓದಲಾರರು. ಆದರೆ ಲಕೋಟೆಯ ಮೇಲಿನ ವಿಳಾಸ ಅಂಚೆಯವರಿಗೆ ಕಾಣುವ ಹಾಗೆ, ಯಾವ ನಂಬರಿನವರು ಯಾವ ಗುಂಪಿನಲ್ಲಿದ್ದಾರೆ ಎಂಬಂಥ ಗುರುತುಗಳು ಅವರ ಬಳಿ ಇರುತ್ತವೆ.

ಇನ್‌ಸ್ಟಾಗ್ರಾಂ ಕಥೆಯೂ ಇದೇ. 2012ರಲ್ಲಿ ಅದರಲ್ಲಿದ್ದ ಕೆಲಸಗಾರರು 13 ಮಂದಿ. ಫೇಸ್‌ಬುಕ್ ಅದನ್ನು 100 ಕೋಟಿ ಡಾಲರಿಗೆ ಕೊಂಡಿತು. ಯೂಟ್ಯೂಬನ್ನು ಗೂಗಲ್ 2006ರಲ್ಲೇ 165 ಕೋಟಿ ಡಾಲರಿಗೆ ಕೊಂಡಿತ್ತು. ಪೈಪೋಟಿ ಮಾಡುವುದಕ್ಕಿಂತ ಕೊಂಡುಬಿಡುವುದೇ ಮೇಲು ಎಂಬರ್ಥದ ಮಾತನ್ನು ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ 2008ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. ಈ ಕೊಳ್ಳಾಟವನ್ನು ಬಿಡಿಸಬೇಕೆಂದು ಅಮೆರಿಕದ ಸರ್ಕಾರಿ ಆಯೋಗ 2020ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿತು. 2025ರ ನವೆಂಬರಿನಲ್ಲಿ ನ್ಯಾಯಾಧೀಶರು ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಟಿಕ್‌ಟಾಕ್, ಯೂಟ್ಯೂಬುಗಳ ಪೈಪೋಟಿ ಇರುವಾಗ ಇದನ್ನು ಏಕಸ್ವಾಮ್ಯ ಎನ್ನಲು ಬರುವುದಿಲ್ಲ ಎಂದರು. ಹೀಗೆ ಹೊರಗಿನಿಂದ ಮೂರು ಅಂಗಡಿ, ಒಳಗೆ ಗಲ್ಲಾಪೆಟ್ಟಿಗೆ ಒಂದೇ.

ಆ ಗಲ್ಲಾಪೆಟ್ಟಿಗೆಯ ಕೀಲಿ ಯಾರ ಸೊಂಟದಲ್ಲಿದೆ ಅಂತೀರೋ? 2021ರಲ್ಲಿ ಆ ಕಂಪನಿ ಮೆಟಾ ಅಂತ ಹೆಸರು ಬದಲಿಸಿಕೊಂಡಿತು. ಅದರ ಷೇರುಗಳಲ್ಲಿ ಎರಡು ಜಾತಿ. ಪೇಟೆಯಲ್ಲಿ ಸಾಮಾನ್ಯರು ಕೊಳ್ಳುವ ಷೇರಿಗೆ ಒಂದು ಮತ. ಇನ್ನೊಂದು ಜಾತಿಯ ಷೇರಿಗೆ ಹತ್ತು ಮತ. ಆ ಹತ್ತು ಮತದ ಷೇರುಗಳಲ್ಲಿ ಬಹುಪಾಲು ಜುಕರ್‌ಬರ್ಗ್ ಅವರ ಬಳಿ ಇವೆ. ಹಾಗಾಗಿ ಷೇರಿನಲ್ಲಿ ಅವರ ಪಾಲು ಚಿಕ್ಕದಾದರೂ ಮತದಲ್ಲಿ ಅರ್ಧಕ್ಕಿಂತ ಹೆಚ್ಚು. ಮಿಕ್ಕ ಷೇರುದಾರರೆಲ್ಲ ಒಂದಾದರೂ ಅವರನ್ನು ಇಳಿಸಲಾಗದು. ದುಡ್ಡು ಹಾಕಿದವರಿಗೇ ಈ ಗತಿ, ಇನ್ನು ಬರೀ ಬಳಸುವ ನಮ್ಮ ನಿಮ್ಮ ಮಾತೆಲ್ಲಿ? 2024ರಲ್ಲಿ ಆ ಕಂಪನಿಯ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಜಾಹೀರಾತಿನದೇ. ಪುಕ್ಕಟೆ ಮಜ್ಜಿಗೆಯ ಲೆಕ್ಕ ಈಗ ತಿಳಿಯಿತಲ್ಲ.

ಟ್ವಿಟರಿನದು ಇನ್ನೊಂದು ಬಗೆ. ಅಲ್ಲಿ ಒಂದು ಷೇರಿಗೆ ಒಂದೇ ಮತ ಇತ್ತು. ಆದರೆ ದುಡ್ಡಿದ್ದವರು ಎಲ್ಲ ಷೇರನ್ನೂ ಕೊಳ್ಳಬಹುದಲ್ಲ! ಹಾಗೇ ಆಯಿತು. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ ಅದನ್ನು 4,400 ಕೋಟಿ ಡಾಲರಿಗೆ ಕೊಂಡರು. ಮುಂದಿನ ತಿಂಗಳೇ ಸುಮಾರು ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಿದರು. 2023ರ ಜುಲೈನಲ್ಲಿ ಹೆಸರನ್ನೇ ಅಳಿಸಿ ಎಕ್ಸ್ ಅಂತ ಇಟ್ಟರು. 2025ರ ಮಾರ್ಚಿನಲ್ಲಿ ತಮ್ಮದೇ ಇನ್ನೊಂದು ಕಂಪನಿಗೆ ಅದನ್ನು ಸೇರಿಸಿದರು.

ಇದರಲ್ಲಿ ನಮ್ಮ ಸಂಘಕ್ಕೆ ತಟ್ಟುವ ಒಂದು ಸಂಗತಿ ಇದೆ. ನ್ಯೂಯಾರ್ಕ್ ನಗರದ ರೈಲು, ಬಸ್ಸುಗಳನ್ನು ನಡೆಸುವ ಸಾರಿಗೆ ಸಂಸ್ಥೆ, ಯಾವ ರೈಲು ತಡ, ಯಾವ ದಾರಿ ಬಂದ್ ಎಂಬ ತಿಳುವಳಿಕೆಯನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಟ್ವಿಟರಿನಲ್ಲಿ ಪುಕ್ಕಟೆಯಾಗಿ ಹಾಕ್ತಿತ್ತು. ಹೊಸ ಧಣಿಗಳು ಬಂದ ಮೇಲೆ, ಯಂತ್ರದ ಮೂಲಕ ಹಾಗೆ ಹಾಕಬೇಕಾದರೆ ದುಡ್ಡು ಕಟ್ಟಿ ಎಂದರು. 2023ರ ಏಪ್ರಿಲ್ ಕೊನೆಯಲ್ಲಿ ಆ ಸಂಸ್ಥೆ ಟ್ವಿಟರಿನಲ್ಲಿ ತಿಳುವಳಿಕೆ ಹಾಕುವುದನ್ನೇ ನಿಲ್ಲಿಸಿತು. ಸಾರ್ವಜನಿಕ ಸಂಸ್ಥೆಗಳಿಗೆ ಪುಕ್ಕಟೆ ಇರಲಿ ಎಂದು ಟ್ವಿಟರಿನವರು ಮನಸ್ಸು ಬದಲಿಸಿದ ಮೇಲೆ ಮೇ ತಿಂಗಳಲ್ಲಿ ಮತ್ತೆ ಶುರುವಾಯಿತು. ಅಷ್ಟು ದೊಡ್ಡ ಊರಿನ ರೈಲಿನ ತಿಳುವಳಿಕೆಯೇ ಬೇರೆಯವರ ಗೋಡೆ ನಂಬಿ ಹೀಗಾಯಿತು. ಆದರೆ ಆ ಸಂಸ್ಥೆಗೆ ತನ್ನದೇ ನಿಲ್ದಾಣ, ತನ್ನದೇ ಫಲಕ ಇತ್ತು. ಹಾಗಾಗಿ ಗಟ್ಟಿಯಾಗಿ "ಬೇಡ" ಅನ್ನಲು ಸಾಧ್ಯವಾಯಿತು. ಈ ಮಾತನ್ನು ತಾವು ಗಮನದಲ್ಲಿ ಇಟ್ಟುಕೊಳ್ಳಬೇಕು.

ಅಂದಮೇಲೆ ಹೊರದೇಶದವರ ಕಟ್ಟೆ ಬೇಡ, ನಮ್ಮವರದೇ ಇರಲಿ ಅಂತ ಕೆಲವರು ಹೇಳ್ತಾರೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಹಳ್ಳಿಹಳ್ಳಿಯಲ್ಲಿ ಹಾಡಿ ಕುಣಿದು ಹೆಸರು ಮಾಡಿದ್ದ ಹುಡುಗ ಹುಡುಗಿಯರ ಅಭಿಮಾನಿ ಬಳಗ ರಾತ್ರಿ ಬೆಳಗಾಗುವುದರೊಳಗೆ ಮಾಯವಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು ಕೂ. ಅದು ಮೊದಲು ಮಾತಾಡಿದ ಭಾಷೆ ಕನ್ನಡ, ಆಮೇಲೆ ಬೇರೆ ಭಾಷೆಗಳು ಸೇರಿದವು. ನಮಗೆಲ್ಲ ಹೆಮ್ಮೆಯಾಗಿತ್ತು. ಆದರೆ ಅದೂ ಬಂಡವಾಳಗಾರರ ದುಡ್ಡಿನಲ್ಲೇ ನಡೆಯಬೇಕಾದ ಕಂಪನಿ. ಆ ದುಡ್ಡು ಬತ್ತಿತು, ಬೇರೆ ಕಂಪನಿಗಳ ಜೊತೆ ಸೇರಿಸುವ ಮಾತುಕತೆ ಮುರಿಯಿತು, 2024ರ ಜುಲೈನಲ್ಲಿ ಮುಚ್ಚುತ್ತೇವೆಂದು ಕಟ್ಟಿದವರೇ ಪ್ರಕಟಿಸಿದರು. ಅವರನ್ನು ನಾವು ದೂರುವುದಿಲ್ಲ. ನಮ್ಮ ಭಾಷೆಯವರ ಒಡೆತನ ಬೇರೆ, ಸದಸ್ಯರ ಒಡೆತನ ಬೇರೆ ಎಂಬುದಷ್ಟೇ ಇದರಿಂದ ಕಲಿಯಬೇಕಾದ್ದು.

ಹಾಗಾದರೆ ಸಹಕಾರಿ ಕಟ್ಟೆ ಎಂಬುದು ಆಗದ ಮಾತೇ? ಪ್ರಯತ್ನಗಳು ನಡೆದಿವೆ. ಟ್ವಿಟರನ್ನು ಬಳಸುವವರೇ ಸೇರಿ ಕೊಂಡುಕೊಂಡು ಸಹಕಾರಿ ಮಾಡೋಣ ಎಂಬ ಮಾತು ಅಮೆರಿಕದಲ್ಲಿ 2016ರಲ್ಲೇ ಎದ್ದಿತ್ತು. ಅದನ್ನು ಕನಿಷ್ಠ ಅಧ್ಯಯನವಾದರೂ ಮಾಡಿ ಎಂಬ ಠರಾವು 2017ರ ಮೇ ತಿಂಗಳಲ್ಲಿ ಕಂಪನಿಯ ವಾರ್ಷಿಕ ಸಭೆಗೆ ಬಂತು. ನೂರಕ್ಕೆ ಐದು ಮತವೂ ಬೀಳಲಿಲ್ಲ. ಐದು ವರ್ಷದ ಮೇಲೆ ಒಬ್ಬರೇ ಬಂದು ಇಡೀ ಕಂಪನಿಯನ್ನು ಕೊಂಡುಕೊಂಡರು. ಜರ್ಮನಿಯ ಓಯ್ಗೆನ್ ರೊಚ್ಕೊ ಎಂಬ ತರುಣ 2016ರಲ್ಲಿ ಮಾಸ್ಟೊಡಾನ್ ಎಂಬುದನ್ನು ಹೊರತಂದರು. ಅದರಲ್ಲಿ ಒಂದೇ ದೊಡ್ಡ ಕಟ್ಟೆ ಇಲ್ಲ. ಊರೂರಿಗೆ ಒಂದು ಡೇರಿ ಇದ್ದ ಹಾಗೆ ಸಣ್ಣ ಸಣ್ಣ ಕಟ್ಟೆಗಳು, ಒಂದಕ್ಕೊಂದು ದಾರಿ. ಅದರಲ್ಲಿ ಸೋಷಿಯಲ್ ಕೋಆಪ್ ಎಂಬ ಒಂದು ಕಟ್ಟೆಯನ್ನು ಸದಸ್ಯರೇ ಚಂದಾ ಹಾಕಿ, ಮತ ಹಾಕಿ ನಡೆಸ್ತಾರೆ. ವಾಟ್ಸಾಪ್ ಕಟ್ಟಿದ ಆಕ್ಟನ್ ಅವರೇ 2018ರಲ್ಲಿ 5 ಕೋಟಿ ಡಾಲರ್ ಹಾಕಿ ಸಿಗ್ನಲ್ ಎಂಬ ಸಂದೇಶ ಸೇವೆಗೆ ಲಾಭರಹಿತ ಪ್ರತಿಷ್ಠಾನ ಕಟ್ಟಲು ನೆರವಾದರು. ಇವೆಲ್ಲ ಇವೆ. ಆದರೆ ದೊಡ್ಡ ಕಟ್ಟೆಗಳ ಮುಂದೆ ಜನ ಕಡಿಮೆ. ಯಾಕಂದ್ರೆ ನೆಂಟರಿಷ್ಟರೆಲ್ಲ ಕೂತಿರುವ ಕಡೆಯೇ ನಾವೂ ಹೋಗಿ ಕೂರ್ತೀವಿ. ಒಬ್ಬರೇ ಎದ್ದು ಬೇರೆ ಕಡೆ ಹೋದರೆ ಮಾತಾಡಿಸೋರು ಯಾರು? ಜನ ಬಿಟ್ಟು ಹೋಗಲಾರರು ಎಂಬುದೇ ಆ ಧಣಿಗಳ ನಿಜವಾದ ಆಸ್ತಿ.

ಆದ್ದರಿಂದ ವಾಟ್ಸಾಪ್ ಬಿಡಿ ಅಂತ ನಾವು ಹೇಳಲು ಬಂದಿಲ್ಲ. ಹೇಳಿದರೂ ತಾವು ಬಿಡೋದಿಲ್ಲ, ನಾವೂ ಬಿಡೋದಿಲ್ಲ. ಪಶುವೈದ್ಯರು ಬರುವ ಹೊತ್ತು, ಪಶು ಆಹಾರ ಬಂದ ಸುದ್ದಿ ನಿಮಿಷದಲ್ಲಿ ಊರಿಗೆಲ್ಲ ತಿಳಿಯುವುದು ಸಣ್ಣ ಉಪಕಾರವಲ್ಲ. ನಾವು ಹೇಳುವುದು ಇಷ್ಟೇ. ಸೌಕರ್ಯ ಬೇರೆ, ಒಡೆತನ ಬೇರೆ. ಬೇರೆಯವರ ಜಗಲಿಯಲ್ಲಿ ಕೂತು ಹರಟೆ ಹೊಡೆಯಬಹುದು, ಮನೆಯ ಪತ್ರ ಪಹಣಿ ಅಲ್ಲಿ ಇಡಬಾರದು.

ಇದಕ್ಕೆ ನಮ್ಮಲ್ಲೇ ನಿದರ್ಶನ ಇದೆ. ಈ ಸಂಚಿಕೆಗೆ ಚಿತ್ರ ಹುಡುಕುವಾಗ, ಈಚಿನ ವರ್ಷಗಳ ಫೋಟೋಗಳು ಒಬ್ಬರ ಫೋನಿನಲ್ಲೇ ಇದ್ದವು. ಆ ಫೋನು ಕ್ಯಾನು ತೊಳೆಯುವ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಇಪ್ಪತ್ತೈದು ವರ್ಷದ ಹಿಂದಿನ ಮೊದಲನೇ ದಿನದ ಹಾಲಿನ ಲೆಕ್ಕ ಮಾತ್ರ ಬೀರುವಿನಲ್ಲಿ ಹಾಗೇ ಇದೆ. ಯಾರು ಎಷ್ಟು ಲೀಟರ್ ಹಾಕಿದರು ಎಂಬುದನ್ನು ಈಗಲೂ ಓದಬಹುದು. ಆ ಪುಸ್ತಕ ನಮ್ಮದು, ಬೀರು ನಮ್ಮದು, ಬೀಗವೂ ನಮ್ಮದು.

ಆಡಳಿತ ಮಂಡಳಿಯಲ್ಲಿ ಕೂತು ನಾವು ನಾಲ್ಕು ತೀರ್ಮಾನ ಮಾಡಿಕೊಂಡಿದ್ದೇವೆ. ತಮ್ಮ ಒಪ್ಪಿಗೆ ಬೇಡುತ್ತೇವೆ. ಮೊದಲನೆಯದು, ಸಭೆಯ ತಿಳುವಳಿಕೆ ಫಲಕದ ಮೇಲೆ ಮತ್ತು ಮನೆಮನೆಗೆ ಚೀಟಿಯಲ್ಲಿ ಹೋಗಬೇಕು. ವಾಟ್ಸಾಪ್ ಅದರ ಜೊತೆಗೆ ಇರಲಿ, ಅದರ ಬದಲಿಗೆ ಬೇಡ. ಎರಡನೆಯದು, ಸದಸ್ಯರ ಫೋನ್ ನಂಬರುಗಳನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ನಾಳೆ ಈ ಗುಂಪು ಹೋದರೂ ಇನ್ನೊಂದು ಕಟ್ಟಲು ಬರುವಂತಿರಬೇಕು. ಮೂರನೆಯದು, ಗುಂಪಿನ ಉಸ್ತುವಾರಿ ಒಬ್ಬರ ಕೈಯಲ್ಲಿ ಇರಬಾರದು, ಮೂವರಿರಬೇಕು. ಅವರು ಯಾರೆಂಬುದು ನಡಾವಳಿಯಲ್ಲಿ ಬರೆಯಬೇಕು. ನಾಲ್ಕನೆಯದು, ವರ್ಷಕ್ಕೊಮ್ಮೆ ಮುಖ್ಯ ಫೋಟೋಗಳನ್ನು ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಸಂಘದ ಕಂಪ್ಯೂಟರಿನಲ್ಲೂ ಇಟ್ಟು, ಬೀರುವಿಗೆ ಸೇರಿಸಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ, ಸ್ವಲ್ಪ ಶ್ರದ್ಧೆ ಬೇಕು ಅಷ್ಟೇ.

ಯುವಕ ಮಿತ್ರರಿಗೆ ಒಂದು ಮಾತು. ಕಂಪ್ಯೂಟರು ಕಲಿತ ಮಕ್ಕಳು ನಮ್ಮೂರಿನಲ್ಲೂ ಇದ್ದಾರೆ. ಸದಸ್ಯರೇ ಒಡೆಯರಾದ ಒಂದು ಸಣ್ಣ ಕಟ್ಟೆಯನ್ನು ಮುಂದೊಂದು ದಿನ ಅವರು ಕಟ್ಟಬಾರದೇಕೆ? ಹಾಲಿಗೆ ದಲ್ಲಾಳಿ ಹೇಳಿದ್ದೇ ಬೆಲೆ ಎಂದಿದ್ದ ಕಾಲದಲ್ಲಿ, ಹಾಲು ಕರೆಯುವವರೇ ಡೇರಿಯ ಒಡೆಯರಾಗ್ತಾರೆ ಅಂದರೆ ನಗುವವರೇ ಹೆಚ್ಚಾಗಿದ್ದರು. ಇವತ್ತು ಅದೇ ಡೇರಿಯ ಅಂಗಳದಲ್ಲಿ ಪೆಂಡಾಲು ಹಾಕಿ ಕೂತಿದ್ದೇವೆ.

ಆ ದಿನ ನಮ್ಮನ್ನು ಕೇಳಿದ ಅಜ್ಜಿ ಈ ಸಭೆಯಲ್ಲೇ ಕೂತಿದ್ದಾರೆ. ಅವರ ಕ್ಷಮೆ ಕೇಳುತ್ತೇವೆ. ಮುಂದಿನ ಸರ್ವಸದಸ್ಯರ ಸಭೆಯ ಮೊದಲ ಚೀಟಿ ಅವರ ಮನೆಗೇ ಬರುತ್ತದೆ ತಾಯಿ, ನಾವೇ ತಂದುಕೊಡ್ತೀವಿ.